ಬೌರ್ಕಾಳ ಏಳು ಭಾನುವಾರ

ಝಾಲೆಸಿ, ಶುಮಾವಾ ಕಾಡು
3 ನವೆಂಬರ್ 1996

ರಾದೊವಾನ್,

ನಿನ್ನ ನಾಯಿ ಬೌರ್ಕಾ ತಲುಪಿದಳು. ನಿನ್ನ ಜೊತೆ ಮರ ಕಡಿಯುತ್ತಿದ್ದವರಿಬ್ಬರು ನಿನ್ನೆ ಮಧ್ಯಾಹ್ನ ಟ್ರಕ್ಕಿನಲ್ಲಿ ತಂದು ಇಳಿಸಿದರು. ದಾರಿಯಲ್ಲಿ ನಾಲ್ಕು ಸಲ ವಾಂತಿ ಮಾಡಿದಳಂತೆ. ನಿನ್ನ ಮೇಲೆ ಮರ ಬಿದ್ದ ದಿನದಿಂದ ಆರು ವಾರ ಅವಳನ್ನು ಸೌದೆ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದರಂತೆ. ಬಾಗಿಲಿನ ಕೆಳಗಿನ ಹಲಗೆಯನ್ನು ಅವಳು ಕಡಿದು ಮುಗಿಸಿದ ಮೇಲೆ ಅವರಿಗೆ ನನ್ನ ನೆನಪಾಗಿದೆ. ಬಯ್ಯಲಿಲ್ಲ. ಸೂಪು, ಬ್ರೆಡ್ಡು ಕೊಟ್ಟು ಕಳಿಸಿದೆ.

ಇದರಲ್ಲಿ ಉಪಕಾರವೇನೂ ಇಲ್ಲ. ನನ್ನ ಅಂಗಳದಲ್ಲಿ ಹುಟ್ಟಿದ, ತೋಳದ ರಕ್ತ ಬೆರೆತ ತೋಳನಾಯಿಯನ್ನು ಒಡೆಯನಿಗೆ ಸಾಕಲಾಗದೆ ಹೋದರೆ ಅದು ಬೇರೆಲ್ಲಿಗೂ ಹೋಗದೆ ನನ್ನ ಬಳಿಗೇ ಬರಬೇಕು ಎಂದು ಮರಿ ಒಯ್ಯುವ ಪ್ರತಿಯೊಬ್ಬರಿಂದಲೂ ಸಹಿ ಹಾಕಿಸಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ, ಕೋರ್ಟಿನಲ್ಲಿ ನಮ್ಮ ವಿಚ್ಛೇದನ ಆದ ಮೇಲೆ ನೀನೂ ಹಾಕಿದ್ದೆ. ಗಂಡನಾಗಿದ್ದವನಿಗೂ ವಿನಾಯಿತಿ ಇಲ್ಲವೇ ಎಂದು ನಕ್ಕಿದ್ದೆ.

ಮೇಲಿನ ಆವರಣದಲ್ಲಿ ಬಿಟ್ಟಿದ್ದೇನೆ. ನೀನೇ ಹಾಕಿದ ಬೇಲಿ: ಎರಡು ಮೀಟರ್ ಎತ್ತರ, ತುದಿಯಲ್ಲಿ ಒಳಕ್ಕೆ ಬಾಗಿಸಿದ ತಂತಿ, ನೆಲದೊಳಗೆ ಮೊಣಕಾಲುದ್ದ ಹೂತ ಜಾಲರಿ, ಒಂದರ ಹಿಂದೆ ಒಂದು ಎರಡು ಗೇಟು. ಜೊತೆಗೆ ಅವಳ ತಾಯಿ ಗ್ರೇತಾ ಇದ್ದಾಳೆ. ಈ ಜಾತಿ ಒಂಟಿಯಾಗಿ ಬದುಕುವುದಲ್ಲ. ಆದರೂ ನಿನ್ನೆಯಿಂದ ಏನೂ ತಿಂದಿಲ್ಲ. ನೀನು ಹಾಕಿಕೊಂಡ ಉಣ್ಣೆಯ ಅಂಗಿಯೊಂದನ್ನು ಒಗೆಯದೆ ಕಳಿಸು. ಮರಿಗಳನ್ನು ಕಳಿಸುವಾಗ ತಾಯಿ ಮಲಗಿದ ಬಟ್ಟೆಯ ತುಂಡನ್ನು ಜೊತೆಗೆ ಕಟ್ಟಿಕೊಡುತ್ತೇನಲ್ಲ, ಅದೇ ಉಪಾಯ.

ನಿನ್ನ ಬೆನ್ನು ಹೇಗಿದೆ ಎಂದು ಆ ಇಬ್ಬರನ್ನು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದ್ರಾಹೊಮೀರಾ


ಪುನಶ್ಚೇತನ ಕೇಂದ್ರ, ಎರಡನೆಯ ಮಹಡಿ
12 ನವೆಂಬರ್ 1996

ದ್ರಾಹಾ,

ಅಂಗಿ ಈ ಪೊಟ್ಟಣದಲ್ಲಿದೆ. ಕಂದು ಬಣ್ಣದ್ದು, ಮೊಣಕೈಗೆ ನೀನೇ ತೇಪೆ ಹಾಕಿದ್ದು. ನಿನ್ನ ಕಾಗದ ಬಂದಾಗಿನಿಂದ ಐದು ದಿನ ಹಗಲೂ ರಾತ್ರಿ ತೊಟ್ಟುಕೊಂಡೇ ಮಲಗಿದೆ. ಸಿಸ್ಟರ್ ವ್ಲಾಸ್ತಾ ಒಗೆಯಲು ಕೇಳಿದಾಗ ಕೊಡಲಿಲ್ಲ. "ಈ ವಾಸನೆಗೆ ಪಕ್ಕದ ಮಂಚದೋರು ಎದ್ದು ಓಡಿಹೋಗ್ತಾರೆ" ಅಂದಳು. "ಎದ್ದು ಓಡೋ ಹಾಗಿದ್ರೆ ಅವ್ರು ಇಲ್ಲಿ ಯಾಕೆ ಮಲಗಿರ್ತಿದ್ರು" ಅಂದೆ. ವಾರ್ಡಿನಲ್ಲಿ ಆರು ಜನ ಇದ್ದೇವೆ, ಆರು ಜನವೂ ನಕ್ಕೆವು.

ಬೌರ್ಕಾಳ ವಿಷಯ ನಿನಗೆ ಹೇಳಿಕೊಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಮೂರು ವರ್ಷ ಅವಳ ಜೊತೆ ಇದ್ದವನು ನಾನು. ನೋಡುತ್ತಿದ್ದರೆ ತಿನ್ನುವುದಿಲ್ಲ, ಬೆನ್ನು ತಿರುಗಿಸಿ ನಿಲ್ಲು. ಬಾಗಿಲಿನ ಹಿಡಿಯನ್ನು ಅಡ್ಡಲಾಗಿ ಬಿಟ್ಟರೆ ಪಂಜದಿಂದ ಒತ್ತಿ ತೆರೆಯುತ್ತಾಳೆ, ನಿಲುವಾಗಿ ತಿರುಗಿಸಿ ಹಾಕು. ಗುಡುಗಿದರೆ ಮೇಜಿನ ಕೆಳಗೆ ಜಾಗ ಕೊಡು. ಗುಡುಗಿಗೆ ಹೆದರುವ ನಾಯಿಗೆ ಬೌರ್ಕಾ, ಅಂದರೆ ಗುಡುಗುಮಳೆ, ಎಂದು ಹೆಸರಿಟ್ಟವಳು ನೀನು, ಅನುಭವಿಸು.

ಬೆಳಿಗ್ಗೆ ನಾನು ಗರಗಸಕ್ಕೆ ಎಣ್ಣೆ ಹಾಕುವಷ್ಟು ಹೊತ್ತು ಅವಳು ನನ್ನ ಬೆನ್ನಿಗೆ ಬೆನ್ನು ಒರಗಿಸಿ ಕೂರುತ್ತಿದ್ದಳು. ಕೆಲಸ ಮುಗಿಯಿತು ಎಂದು ನಾನು ಹೇಳಬೇಕಾಗಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ ಸದ್ದಿಗೆ ಏಳುತ್ತಿದ್ದಳು. ಈಗಲೂ ಬೆಳಿಗ್ಗೆ ಎಚ್ಚರವಾದ ಕೂಡಲೇ ಬೆನ್ನಿಗೆ ಆ ಬಿಸಿ ಬೇಕೆನ್ನಿಸುತ್ತದೆ. ಬೆನ್ನಿನಲ್ಲಿ ಬೇರೇನೂ ಗೊತ್ತಾಗುವುದಿಲ್ಲ, ಇದೊಂದು ಮಾತ್ರ ಹೇಗೋ ಗೊತ್ತಾಗುತ್ತದೆ.

ಹಿಮ ಕರಗುವ ಹೊತ್ತಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಬಲಗಾಲಿನ ಹೆಬ್ಬೆರಳು ಮೊನ್ನೆ ಅಲುಗಿತು.

ರಾದೊವಾನ್


ಝಾಲೆಸಿ
1 ಡಿಸೆಂಬರ್ 1996

ರಾದೊವಾನ್,

ಅಂಗಿ ಕೆಲಸ ಮಾಡಿತು. ಬಂದ ದಿನವೇ ಅದನ್ನು ಗೂಡಿನೊಳಗೆ ಎಳೆದುಕೊಂಡು ಹೋಗಿ ಮೂಗು ಹೂತು ಮಲಗಿದಳು. ಮರುದಿನ ಹಸುವಿನ ಹೃದಯ ಅರ್ಧ ಕಿಲೋ, ಒಂದು ಕೋಳಿ, ಮೂಳೆ ಸಮೇತ ಮುಗಿಸಿದಳು. ಗ್ರೇತಾ ಅಂಗಿಯ ಹತ್ತಿರ ಸುಳಿದರೆ ಹೆತ್ತ ತಾಯಿ ಎಂದೂ ನೋಡದೆ ಹಲ್ಲು ತೋರಿಸುತ್ತಾಳೆ. ಗ್ರೇತಾಗೆ ಹನ್ನೊಂದು ವರ್ಷ, ನಿನ್ನ ಅಂಗಿ ಅವಳಿಗೆ ಯಾವ ಕಾಲಕ್ಕೂ ಬೇಕಾಗಿರಲಿಲ್ಲ.

ಒಂದೇ ಒಂದು ವಿಷಯ. ಊಟವಾದ ಮೇಲೆ ಗೇಟಿನ ಬಳಿ ಹೋಗಿ ರಸ್ತೆಗೆ ಮುಖಮಾಡಿ ಕೂರುತ್ತಾಳೆ. ಕತ್ತಲಾಗುವವರೆಗೂ ಏಳುವುದಿಲ್ಲ. ಕರೆದರೆ ಒಂದು ಕಿವಿ ಮಾತ್ರ ನನ್ನ ಕಡೆ ತಿರುಗುತ್ತದೆ. ಹೊಸ ಜಾಗ, ನಿಧಾನವಾಗಿ ಸರಿಹೋಗುತ್ತದೆ ಅಂದುಕೊಂಡಿದ್ದೇನೆ. ಅಂಗಿಯ ವಾಸನೆ ಕಡಿಮೆಯಾಗುತ್ತಿದೆ, ಇನ್ನೊಂದೆರಡು ಬಟ್ಟೆ ಕಳಿಸು.

ಹೆಬ್ಬೆರಳಿನ ಸಂಗತಿ ಓದಿದೆ. ಯಾವ ಕಾಲಿನದು ಎಂದು ಬರೆದೆಯೇ ಹೊರತು ಡಾಕ್ಟರು ಏನೆಂದರು ಎಂದು ಬರೆಯಲಿಲ್ಲ. ಬಾರಿನಲ್ಲಿರುವ ಫೋನಿನಿಂದ ನಿನ್ನ ವಾರ್ಡಿಗೆ ಮಾತಾಡೋಣವೆಂದು ಹೋಗಿದ್ದೆ. ಇಡೀ ಊರು ಬಿಯರ್ ಲೋಟ ಕೆಳಗಿಟ್ಟು ಕಿವಿ ನಿಮಿರಿಸಿತು. ಹಾಗೇ ವಾಪಸು ಬಂದೆ.

ದ್ರಾಹೊಮೀರಾ


ಪುನಶ್ಚೇತನ ಕೇಂದ್ರ
20 ಡಿಸೆಂಬರ್ 1996

ದ್ರಾಹಾ,

ಒಂದು ಮಫ್ಲರು, ಎರಡು ಬನಿಯನ್ನು, ದಿಂಬಿನ ಚೀಲ. ದಿಂಬಿನ ಚೀಲ ಸರ್ಕಾರದ್ದು, ಸಿಸ್ಟರ್ ವ್ಲಾಸ್ತಾಗೆ ಗೊತ್ತಿಲ್ಲ. ಈ ಕಾಗದವನ್ನೂ ಬೌರ್ಕಾಳ ಮೂಗಿಗೆ ಹಿಡಿ. ಕೆಳಗಿನ ಮೂಲೆಯಲ್ಲಿ ಅಂಗೈ ಒತ್ತಿದ್ದೇನೆ, ಹತ್ತು ನಿಮಿಷ ಹಾಗೇ ಇಟ್ಟುಕೊಂಡಿದ್ದೆ.

ಇಲ್ಲಿ ಹಬ್ಬಕ್ಕೆ ಕಾರ್ಪ್ ಮೀನು ಕೊಡುತ್ತಾರಂತೆ, ಮುಳ್ಳು ತೆಗೆದು ಬಿಡಿಸಿದ್ದು. ಅವಳ ಮೊದಲ ಕ್ರಿಸ್‌ಮಸ್ ನೆನಪಿದೆಯೇ? ಆರು ತಿಂಗಳ ಮರಿ. ಹಬ್ಬದ ಅಡುಗೆಗೆಂದು ಜೀವಂತ ತಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟಿದ್ದ ಮೀನನ್ನು ಮೂರು ದಿನ ಕಾವಲು ಕಾದಳು. ನಾನು ಸುತ್ತಿಗೆ ಹಿಡಿದು ಬಂದರೆ ತೊಟ್ಟಿಗೆ ಅಡ್ಡ ಮಲಗಿ ಗುರ್ರೆಂದಳು. ಕೊನೆಗೆ ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿ ಕೆರೆಯ ಮಂಜುಗಡ್ಡೆ ಒಡೆದು ಬಿಟ್ಟು ಬಂದೆವು. ಆ ವರ್ಷ ಬರೀ ಆಲೂಗೆಡ್ಡೆ ಸಲಾಡು. ನೀನು ಮೂರು ದಿನ ನಗುತ್ತಲೇ ಇದ್ದೆ. ಆಮೇಲೆ ಆ ಮನೆಯಲ್ಲಿ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಡಾಕ್ಟರು ಕಾಯಬೇಕು ಅನ್ನುತ್ತಾರೆ. ಕಾಯುತ್ತಿದ್ದೇನೆ. ಅವಳಿಗೆ ಹೇಳು, ನಾನೂ ರಸ್ತೆಯ ಕಡೆಯ ಕಿಟಕಿಯ ಮಂಚವನ್ನೇ ಕೇಳಿ ತೆಗೆದುಕೊಂಡಿದ್ದೇನೆ.

ರಾದೊವಾನ್


ಝಾಲೆಸಿ
14 ಜನವರಿ 1997

ರಾದೊವಾನ್‌ಗೆ,

ಮೊದಲೇ ಹೇಳಿಬಿಡುತ್ತೇನೆ, ಬೌರ್ಕಾ ಬದುಕಿದ್ದಾಳೆ, ನನ್ನ ಅಡುಗೆಮನೆಯಲ್ಲಿ ಮಲಗಿದ್ದಾಳೆ.

ತಪ್ಪು ನನ್ನದು. ಕಳೆದ ವಾರ ನಾಲ್ಕು ದಿನ ಎಡೆಬಿಡದೆ ಹಿಮ ಬಿತ್ತು. ಬೇಲಿಯ ಬುಡದ ಹಿಮವನ್ನು ದಿನವೂ ಎತ್ತಿಹಾಕಬೇಕೆಂದು ಮರಿ ಒಯ್ಯುವವರಿಗೆಲ್ಲ ನಾನು ಪಾಠ ಹೇಳುತ್ತೇನೆ. ನನಗೆ ಜ್ವರ ಬಂದು ಎರಡು ದಿನ ಸಲಿಕೆ ಮುಟ್ಟಲಿಲ್ಲ. ಗಾಳಿ ತಂದು ರಾಶಿ ಹಾಕಿದ ಹಿಮ ಒಂದು ಮೂಲೆಯಲ್ಲಿ ಎರಡು ಮೀಟರಿನ ಬೇಲಿಯ ತುದಿ ಮುಟ್ಟಿತ್ತು. ಹಿಮದ ಮೇಲೆ ನಡೆದು ಹೋದ ಹೆಜ್ಜೆ ಕಂಡಿತು, ಹಾರಿದ ಗುರುತು ಕೂಡ ಇಲ್ಲ.

ಎರಡು ದಿನ ಹುಡುಕಿದೆ. ಸಿಕ್ಕಿದ್ದು ನೀನೂ ಅವಳೂ ಇದ್ದ ಕಾಡಿನ ಗುಡಿಸಲಿನಲ್ಲಿ, ಇಪ್ಪತ್ತು ಕಿಲೋಮೀಟರ್ ಆಚೆ. ಮುಚ್ಚಿದ ಬಾಗಿಲ ಮುಂದೆ ಕೂತಿದ್ದಳು. ಬೇಟೆಗಾರರ ಸಂಘದ ಬೊಹುಸ್ಲಾವ್ ಅವಳನ್ನು ನನಗಿಂತ ಮೊದಲು ನೋಡಿದ್ದ. ನಾನು ಹೋದಾಗ ಬಂದೂಕು ಅವನ ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು.

"ನಿನ್ನ ಮುಖ ನೋಡ್ಕೊಂಡು ಇಳಿಸಿದೀನಿ ದ್ರಾಹಾ" ಅಂದ. "ದೂರದಿಂದ ತೋಳ ಯಾವ್ದು, ನಿನ್ ನಾಯಿ ಯಾವ್ದು ಅಂತ ನಾನು ಹ್ಯಾಗೆ ಹೇಳ್ಲಿ? ಕೆಳಗಡೆ ಕುರಿ ಇಟ್ಟಿರೋರು ನಾಳೆ ನನ್ನೇ ಕೇಳ್ತಾರೆ. ಇನ್ನೊಂದ್ಸಲ ಬೇಲಿ ಆಚೆ ಕಂಡ್ರೆ ಕೊರಳಪಟ್ಟಿ ಇದೆಯಾ ಅಂತ ನೋಡೋಕೆ ಹೋಗಲ್ಲ. ಹೇಳಿಲ್ಲ ಅನ್ಬೇಡ."

ಅವನು ಕೆಟ್ಟವನಲ್ಲ. ಹೇಳಿದಂತೆ ಮಾಡುವವನು, ಅಷ್ಟೇ.

ಅವಳ ಪಂಜಗಳ ನಡುವೆ ಕಟ್ಟಿದ್ದ ಹಿಮದ ಗಡ್ಡೆಗಳನ್ನು ಬಿಡಿಸುತ್ತಾ ನನ್ನ ಇನ್ನೊಂದು ತಪ್ಪು ತಿಳಿಯಿತು, ಇದು ದೊಡ್ಡದು. ಮರಿಗೆ ಮಾಡುವ ಉಪಾಯವನ್ನು ಬೆಳೆದ ನಾಯಿಗೆ ಮಾಡಿದೆ. ತಾಯಿಯ ವಾಸನೆ ಮರಿಗೆ ಮಲಗು ಅನ್ನುತ್ತದೆ. ಒಡೆಯನ ವಾಸನೆ ಬೆಳೆದ ನಾಯಿಗೆ ಬರುತ್ತಿದ್ದೇನೆ ಅನ್ನುತ್ತದೆ. ಎರಡು ತಿಂಗಳು ನಾನೇ ಅವಳಿಗೆ ದಿನವೂ ಸುಳ್ಳು ಹೇಳಿದಂತಾಯಿತು. ಹದಿನಾಲ್ಕು ವರ್ಷ ಈ ನಾಯಿಗಳ ಜೊತೆ ಬದುಕಿದವಳಿಗೆ ಇದು ಹೊಳೆಯಬೇಕಿತ್ತು.

ಬಟ್ಟೆ ಕಳಿಸಬೇಡ. ಇದ್ದದ್ದನ್ನೆಲ್ಲ ಒಲೆಗೆ ಹಾಕಿದೆ.

ದ್ರಾಹೊಮೀರಾ


ಪುನಶ್ಚೇತನ ಕೇಂದ್ರ
25 ಜನವರಿ 1997

ದ್ರಾಹಾ,

ಆ ಬಾಗಿಲ ಮುಂದೆ ಕೂತಿದ್ದಳು ಎಂಬಲ್ಲಿಗೆ ಬಂದು ನಿಂತೆ, ಮುಂದೆ ಓದಲಾಗಲಿಲ್ಲ. ಪಕ್ಕದ ಮಂಚದ ಮುದುಕ ಏನಾಯಿತು ಎಂದು ಕೇಳದೆ ತನ್ನ ಕಾಫಿಯ ಸಕ್ಕರೆ ತುಂಡನ್ನು ನನ್ನ ತಟ್ಟೆಗೆ ಎಸೆದ. ಇಲ್ಲಿ ಸಮಾಧಾನ ಹೇಳುವ ರೀತಿ ಅದು.

ಗುಡಿಸಲ ಬಾಗಿಲಿನ ಹಿಡಿಯನ್ನು ನಿಲುವಾಗಿ ತಿರುಗಿಸಿ ಹಾಕಿದ್ದು ನಾನೇ. ಇಲ್ಲದಿದ್ದರೆ ಅವಳು ಒಳಗೆ ಹೋಗಿ ಬೆಚ್ಚಗೆ ಮಲಗುತ್ತಿದ್ದಳು. ಇದನ್ನೇ ಒಂದು ವಾರದಿಂದ ಯೋಚಿಸುತ್ತಿದ್ದೇನೆ.

ಮಾರ್ಚಿಗೆ ಬರುತ್ತೇನೆ. ಅಲ್ಲಿಯವರೆಗೆ ಅವಳನ್ನು ಯಾರಿಗೂ ಕೊಡಬೇಡ, ದಯವಿಟ್ಟು. ಒಳಗಡೆ ಇಟ್ಟುಕೋ, ಎರಡು ಹಗ್ಗ ಕಟ್ಟು, ಏನಾದರೂ ಮಾಡು.

ಅಂಗಿ ಸುಟ್ಟದ್ದು ಸರಿ. ಆ ಮೊಣಕೈ ತೇಪೆಯ ಹೊಲಿಗೆ ಚೆನ್ನಾಗಿತ್ತು ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ.

ರಾದೊವಾನ್


ಝಾಲೆಸಿ
9 ಫೆಬ್ರವರಿ 1997, ಭಾನುವಾರ

ರಾದೊವಾನ್‌ಗೆ,

ನಿನ್ನ ಕಾಗದವನ್ನು ಓದಿ ಏಪ್ರನ್ ಜೇಬಿನಲ್ಲಿಟ್ಟುಕೊಂಡು ನೀರು ಕೊಡಲು ಹೋದೆ, ಅಷ್ಟೇ. ಜೇಬಿಗೆ ಮೂಗು ತುರುಕಿದಳು. ಆಮೇಲೆ ಮೂರು ದಿನ ಗೇಟು ಬಿಟ್ಟು ಏಳಲಿಲ್ಲ. ಬಟ್ಟೆ ಬೇಕಾಗಿಲ್ಲ, ನೀನು ಮುಟ್ಟಿದ ಕಾಗದವೇ ಸಾಕು.

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಇವಳು ಮೂವತ್ತೆರಡು ಕಿಲೋ. ಜಿಂಕೆ ಕಂಡರೆ ಗಟ್ಟಿ ಗಂಡಸನ್ನೂ ಎಳೆದು ಕೆಡವುತ್ತಾಳೆ. ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಸಬೇಕು. ಮಾರ್ಚಿಗೆ ಬೇಡ, ಬರುವ ವರ್ಷದ ಮಾರ್ಚಿಗೆ ನೀನು ಎದ್ದು ನಿಲ್ಲುತ್ತೀಯಾ? ಹೆಬ್ಬೆರಳಿನ ಸುದ್ದಿ ಬೇಡ.

ಹೆರ್ಮೀನಾ ಎಂಬಾಕೆ ಕೇಳಿದ್ದಾಳೆ. ಬೆಟ್ಟದ ಆಚೆ, ಅರಣ್ಯ ಇಲಾಖೆಯ ಸಸಿತೋಟದಲ್ಲಿ ಕೆಲಸ. ನನ್ನ ಅಂಗಳದ ಮೊದಲ ಸೂಲಿನ ಗಂಡುನಾಯಿ ಅಮೂರ್ ಅವಳ ಬಳಿಯೇ ಇದ್ದಾನೆ; ಅವನ ಜೊತೆಗಾತಿ ಕಳೆದ ಬೇಸಿಗೆಯಲ್ಲಿ ಸತ್ತಳು, ಅಂದಿನಿಂದ ಅವನೂ ಸೊರಗಿದ್ದಾನೆ. ಜಿಂಕೆ ನುಗ್ಗದಂತೆ ಸಸಿತೋಟಕ್ಕೆ ಹಾಕಿದ ಬೇಲಿ ನಮ್ಮದಕ್ಕಿಂತ ಎತ್ತರ. ನಾಯಿಗಳು ದಿನವಿಡೀ ಅವಳ ಜೊತೆಗೇ ಇರಬಹುದು. ನಡುವೆ ದೊಡ್ಡ ಜಲಾಶಯ ಇರುವುದರಿಂದ ಅಲ್ಲಿಂದ ನಿನ್ನ ಗುಡಿಸಲಿಗೆ ದಾರಿಯೂ ಇಲ್ಲ.

ನಿಯಮ ನಿಯಮವೇ. ಹಳಬಳಾದರೂ ಏಳು ಭಾನುವಾರ ಬರಬೇಕು, ಆವರಣ ಗುಡಿಸಬೇಕು, ಏಳನೆಯದರ ಕೊನೆಗೆ ನಾಯಿ ಒಪ್ಪಿದರೆ ಮಾತ್ರ ಹಗ್ಗ ಕೈಗೆ. ಇವತ್ತು ಮೊದಲನೆಯದು. ಹೆರ್ಮೀನಾ ಹಿಮದಲ್ಲಿ ಬೆನ್ನು ತಿರುಗಿಸಿ ಕೂತು ಬ್ರೆಡ್ಡು ತಿನ್ನುತ್ತಾ, "ನೀನು ನನ್ನ ನೋಡ್ಬೇಡ ತಾಯಿ, ನಾನೂ ನಿನ್ನ ನೋಡಲ್ಲ, ಇಬ್ರಿಗೂ ಪುರುಸೊತ್ತಿದೆ" ಅನ್ನುತ್ತಿದ್ದಳು. ಬೌರ್ಕಾ ಅತ್ತ ತಿರುಗಲಿಲ್ಲ.

ಏಳು ಭಾನುವಾರ ಮುಗಿಯುವವರೆಗೆ ಬರೆಯಬೇಡ. ಇದನ್ನು ಕೇಳುವುದು ನನಗೆ ಸುಲಭ ಎಂದು ತಿಳಿಯಬೇಡ. ನಿನ್ನ ಕಾಗದ ಬರುವ ಗುರುವಾರ ನನಗೂ ಬೇಕಾಗಿದೆ.

ದ್ರಾಹಾ


ಪುನಶ್ಚೇತನ ಕೇಂದ್ರ
17 ಫೆಬ್ರವರಿ 1997

ದ್ರಾಹೊಮೀರಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಬೇಕಿದ್ದರೆ ಇಕ್ಕಳದಲ್ಲಿ ಹಿಡಿದುಕೊಂಡು ಓದು.

ಅವಳು ನನ್ನವಳು. ನೀನು ನಿಯಮ ಅನ್ನುತ್ತೀಯ. ನಿನ್ನ ನಿಯಮ ನನಗೆ ಚೆನ್ನಾಗಿ ಗೊತ್ತು. ನನ್ನ ಕೈಯಾರೆ ಕಟ್ಟಿದ ಮನೆಗೆ ಗಿರಾಕಿಯ ಹಾಗೆ ಏಳು ಭಾನುವಾರ ಬಂದೆ. ನಾನೇ ಹೂತ ಕಂಬಗಳ ನಡುವೆ ಹೊಲಸು ಬಾಚಿದೆ. ನೀನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ಒಂದು ದಿನವೂ ಒಳಗೆ ಬಾ ಅನ್ನಲಿಲ್ಲ. ಏಳನೆಯ ಭಾನುವಾರ ಹಗ್ಗ ಕೈಗೆ ಕೊಟ್ಟೆ, ಮುಗಿಯಿತು. ಬೌರ್ಕಾಳನ್ನು ಕರೆದುಕೊಂಡು ಹೋದದ್ದು ನಾಯಿ ಬೇಕೆಂದಲ್ಲ. ಆ ಮನೆಯಿಂದ ಜೀವ ಇರುವುದು ಏನಾದರೂ ನನ್ನ ಜೊತೆ ಬರಲಿ ಎಂದು.

ಈಗ ಅದನ್ನೂ ಬ್ರೆಡ್ಡು ತಿನ್ನುವ ಹೆಂಗಸಿಗೆ ಕೊಡುತ್ತೀಯ.

ರಾದೊವಾನ್


ಝಾಲೆಸಿ
3 ಮಾರ್ಚ್ 1997

ರಾದೊವಾನ್,

ಎರಡನೆಯ ಭಾನುವಾರ ಬೌರ್ಕಾ ಹೆರ್ಮೀನಾಳ ಕೈಯಿಂದ ಹಸುವಿನ ಕರುಳಿನ ತುಂಡೊಂದನ್ನು ತೆಗೆದುಕೊಂಡಿದ್ದಳು. ಇಪ್ಪತ್ತನೇ ತಾರೀಕು ನಿನ್ನ ಕಾಗದ ಬಂತು. ಇಕ್ಕಳದಲ್ಲಿ ಹಿಡಿಯಲಿಲ್ಲ, ಅದು ನನ್ನ ತಪ್ಪು. ಓದಿ, ಮತ್ತೆ ಓದಿ, ಕೈ ತೊಳೆಯದೆ ಹೊರಗೆ ಹೋದೆ. ಮೂರನೆಯ ಭಾನುವಾರ ಹೆರ್ಮೀನಾಳನ್ನು ಹತ್ತಿರ ಸೇರಿಸಲಿಲ್ಲ. ನಿನ್ನೆ ನಾಲ್ಕನೆಯದು. ಬೆಳಿಗ್ಗೆ ನೋಡಿದರೆ ಗೇಟಿನ ಬಳಿ ಹೆಪ್ಪುಗಟ್ಟಿದ ನೆಲವನ್ನು ಜಾಲರಿಯವರೆಗೂ ಕೆರೆದಿದ್ದಾಳೆ, ಮುಂಗಾಲಿನ ಎರಡು ಉಗುರು ಕಿತ್ತುಹೋಗಿವೆ. ಇನ್ನೊಂದು ಸಲ ಹೊರಗೆ ಬಿದ್ದರೆ ಬೊಹುಸ್ಲಾವ್ ಹೇಳಿದ್ದು ನಿನಗೆ ಗೊತ್ತಿದೆ.

ಹೆರ್ಮೀನಾ ಅವಳ ಕಾಲಿಗೆ ಬಟ್ಟೆ ಕಟ್ಟುವಾಗ ನನ್ನನ್ನು ಕೇಳಿದಳು, "ಇವ್ಳು ಯಾರಿಗೆ ಕಾಯ್ತಿದಾಳೋ ಅವ್ರು ಬರ್ತಾರಾ?" ಅದನ್ನೇ ನಾನು ನಿನ್ನನ್ನು ಕೇಳಿದ್ದೆ. ನೀನು ಇನ್ನೂ ಉತ್ತರ ಬರೆದಿಲ್ಲ.

ಆ ಏಳನೆಯ ಭಾನುವಾರದ ಮಾತೆತ್ತಿದೆ, ಅದಕ್ಕೆ ಹೇಳುತ್ತೇನೆ. ಹಿಂದಿನ ದಿನವೇ ಮಾಂಸ ನೆನೆಹಾಕಿದ್ದೆ. ನಿನಗೆ ಇಷ್ಟವಾದ ಕೆನೆಯ ಸಾರು, ಕಡುಬು, ಎಲ್ಲ ಆಗಿತ್ತು. ಮೇಜಿನ ಮೇಲೆ ಎರಡು ತಟ್ಟೆ ಇತ್ತು. ನೀನು ಇವತ್ತು ಹೋಗುವುದಿಲ್ಲ ಅನ್ನುತ್ತೀಯ ಎಂದು ಹಗ್ಗ ಹಿಡಿದುಕೊಂಡೇ ಕಾದೆ. ಗೇಟಿನ ಬಳಿ ಹತ್ತು ನಿಮಿಷ ನಿಂತು ಹವಾಮಾನದ ಮಾತಾಡಿದೆವು, ಸಂಜೆಗೆ ಮಳೆ ಬರಬಹುದು ಅಂದೆ ನೀನು. ಆಮೇಲೆ ಹಗ್ಗ ಕೊಟ್ಟೆ. ಇಬ್ಬರೂ ಜಗಳವಾಡಿ ಬಿಟ್ಟವರಲ್ಲ, ಮಾತಾಡದೆ ಬಿಟ್ಟವರು. ಆ ಎರಡನೆಯ ತಟ್ಟೆಯ ಊಟವನ್ನು ಗ್ರೇತಾಗೆ ಹಾಕಿದೆ.

ನಾನು ಏಳು ವಾರ ಕಿಟಕಿಯಿಂದ ನೋಡಿ ಕಳೆದುಕೊಂಡೆ. ಬೌರ್ಕಾ ಹಾಗೆ ಗೇಟು ನೋಡುತ್ತಾ ಉಳಿದ ಆಯುಸ್ಸು ಕಳೆಯುವುದು ಬೇಡ. ಅವಳಿಗೆ ಇನ್ನೂ ಏಳೆಂಟು ವರ್ಷ ಇದೆ. ಎಣಿಕೆ ಅಳಿಸಿ ಮೊದಲಿನಿಂದ ಶುರುಮಾಡಬೇಕು, ಆದರೆ ನೀನು ಒಪ್ಪದೆ ಮಾಡುವುದಿಲ್ಲ. ಸಹಿ ನಿನ್ನದು, ನಾಯಿ ನಿನ್ನದು. ನೀನೇ ಹೇಳು.

ದ್ರಾಹಾ


18 ಮಾರ್ಚ್ 1997

ಮಾನ್ಯ ದ್ರಾಹೊಮೀರಾ ಅವರಿಗೆ,

ನಾನು ವ್ಲಾಸ್ತಾ, ಎರಡನೆಯ ಮಹಡಿಯ ಸಿಸ್ಟರ್. ರಾದೊವಾನ್ ಅವರು ಹೇಳುತ್ತಿದ್ದಾರೆ, ನಾನು ಬರೆದುಕೊಳ್ಳುತ್ತಿದ್ದೇನೆ. ಕಾಗದ, ಲಕೋಟೆ, ಅಂಚೆಚೀಟಿ ಎಲ್ಲ ನಾನೇ ಪೇಟೆಯಿಂದ ತಂದದ್ದು. ಅವರು ಯಾವುದನ್ನೂ ಮುಟ್ಟಿಲ್ಲ. ನಾನು ಮಂಚದಿಂದ ಮೂರು ಹೆಜ್ಜೆ ದೂರ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದೇನೆ, ಗ್ಲೌಸ್ ಹಾಕಿಕೊಂಡಿದ್ದೇನೆ. ಇಡೀ ವಾರ್ಡು ನಮ್ಮನ್ನೇ ನೋಡುತ್ತಿದೆ. ಇನ್ನು ಮುಂದಿನದು ಅವರ ಮಾತು.

ದ್ರಾಹಾ, ಇದು ನಾನು. ನನ್ನ ಅಕ್ಷರವಿಲ್ಲ, ಕೈಯಿಲ್ಲ. ಈ ಕಾಗದ ಸಿಸ್ಟರ್‌ರ ಊಟದ ಚೀಲದಲ್ಲಿತ್ತಂತೆ, ಬೆಳ್ಳುಳ್ಳಿ ಸಾಸೇಜಿನ ಪಕ್ಕ. ಬೌರ್ಕಾ ತಿಂದುಹಾಕಿದರೆ ಆಶ್ಚರ್ಯವಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನಾನು ಎದ್ದು ನಿಲ್ಲುವುದಿಲ್ಲ. ಮಾರ್ಚಿಗೂ ಇಲ್ಲ, ಯಾವ ಮಾರ್ಚಿಗೂ ಇಲ್ಲ. ಡಾಕ್ಟರು ಅಕ್ಟೋಬರಿನಲ್ಲೇ ಹೇಳಿದ್ದರು. ಹೆಬ್ಬೆರಳು ಅಲುಗಿದ್ದು ನಿಜ, ಆದರೆ ಅದು ತಾನಾಗಿ ಅದುರಿದ್ದು, ನಾನು ಅಲುಗಿಸಿದ್ದಲ್ಲ. ಅವಳು ಕಾಯುತ್ತಿದ್ದಾಳೆ ಎಂಬುದನ್ನು ಹಿಡಿದುಕೊಂಡು ಐದು ತಿಂಗಳು ಬದುಕಿದೆ. ಅವಳು ಕಾಯುವುದು ಬಿಟ್ಟರೆ ನನಗೆ ಹೋಗಲು ಜಾಗವೇ ಇಲ್ಲ ಅನ್ನಿಸಿತ್ತು.

(ಇಲ್ಲಿ ಕಿಟಕಿ ತೆರೆಯಿರಿ ಅಂದರು. ನಾನು ತೆರೆದು ಬಂದೆ. - ವ್ಲಾಸ್ತಾ)

ಹೆರ್ಮೀನಾಗೆ ಹೇಳು: ಬೌರ್ಕಾ ಬೆನ್ನಿಗೆ ಬೆನ್ನು ಒರಗಿಸಿ ಕೂತರೆ ಅಲುಗಬಾರದು. ಏನಾದರೂ ಡಬ್ಬಿಯ ಮುಚ್ಚಳ ಹಾಕಿದ ಸದ್ದು ಮಾಡಿದರೆ ತಾನೇ ಏಳುತ್ತಾಳೆ. ಬಾಗಿಲಿನ ಹಿಡಿಯ ವಿಷಯವೂ ಹೇಳು.

ಎಣಿಕೆ ಶುರುಮಾಡು. ಏಳು ಮುಗಿಯುವವರೆಗೆ ಬರೆಯುವುದಿಲ್ಲ. ನೀನೂ ಬರೆಯಬೇಡ, ಬರೆದರೆ ನಾನು ಉತ್ತರ ಬರೆಯದೆ ಇರಲಾರೆ.

ಆ ದಿನ ನನಗೂ ಸಾರಿನ ವಾಸನೆ ಬಂದಿತ್ತು. ಬೇರೆ ಯಾರೋ ಊಟಕ್ಕೆ ಬರುತ್ತಾರೆ ಅಂದುಕೊಂಡೆ.

(ಸಹಿಯನ್ನೂ ನಾನೇ ಮಾಡಬೇಕಂತೆ.) ರಾದೊವಾನ್


ಝಾಲೆಸಿ
11 ಮೇ 1997, ಭಾನುವಾರ

ರಾದ್ಯಾ,

ಹೋದ ಭಾನುವಾರ ಏಳನೆಯದು ಮುಗಿಯಿತು. ಬೌರ್ಕಾ ಹೋದಳು.

ಮೊದಲಿನಿಂದ ಹೇಳುತ್ತೇನೆ. ಸಿಸ್ಟರ್ ವ್ಲಾಸ್ತಾ ಬರೆದ ಕಾಗದ ಬಂದಾಗ ಪರೀಕ್ಷೆಗೆಂದು ಅದನ್ನು ಬೌರ್ಕಾಳ ಮೂಗಿಗೆ ಹಿಡಿದೆ. ಒಂದು ಸುತ್ತು ಮೂಸಿದಳು, ಮೇಲಿನ ಮೂಲೆಯನ್ನು ಹರಿದು ನುಂಗಿದಳು, ಹೋಗಿ ಮಲಗಿದಳು. ಸಾಸೇಜು ಒಳ್ಳೆಯದಿತ್ತೆಂದು ಸಿಸ್ಟರಿಗೆ ತಿಳಿಸು. ಅಂಗಳದ ಕಟ್ಟೆಯ ಮೇಲೆ ಕೂತು ಅತ್ತೆ. ಇಷ್ಟು ವರ್ಷದಲ್ಲಿ ನಿನ್ನ ಯಾವ ಕಾಗದವೂ ನನ್ನನ್ನು ಹಾಗೆ ಅಳಿಸಿರಲಿಲ್ಲ, ಅದರಲ್ಲಿ ನಿನ್ನದೊಂದು ಬೆರಳಿನ ಗುರುತೂ ಇರಲಿಲ್ಲ.

ಮೂರನೆಯ ಭಾನುವಾರ ಅವಳು ಗೇಟಿಗೆ ಹೋಗುವುದನ್ನು ಬಿಟ್ಟಳು. ಐದನೆಯದಕ್ಕೆ ಹೆರ್ಮೀನಾ ಅಮೂರ್‌ನನ್ನು ಕರೆತಂದಳು. ಎರಡೂ ಸೇರಿ ನನ್ನ ಈರುಳ್ಳಿ ಪಾತಿಯನ್ನು ನೆಲಸಮ ಮಾಡಿದವು. ಆರನೆಯ ಭಾನುವಾರ ಹೆರ್ಮೀನಾ ಹುಲ್ಲಿನಲ್ಲಿ ಕೂತಿದ್ದಾಗ ಬೌರ್ಕಾ ಹಿಂದಿನಿಂದ ಬಂದು ಬೆನ್ನಿಗೆ ಬೆನ್ನು ಒರಗಿಸಿದಳು. ಹೆರ್ಮೀನಾ ಕಾಲು ಜೋಮು ಹಿಡಿದರೂ ಒಂದು ಗಂಟೆ ಅಲುಗಲಿಲ್ಲ. ಆಮೇಲೆ ತಿಂಡಿ ಡಬ್ಬಿಯ ಮುಚ್ಚಳ ಟಪ್ಪೆಂದು ಹಾಕಿದಳು. ಎದ್ದಳು, ನೀನು ಹೇಳಿದ ಹಾಗೆಯೇ.

ಏಳನೆಯ ದಿನ ಎರಡು ಕೊಂಡಿ ಹಾಕಿ ಹಗ್ಗ ಕೊಟ್ಟೆ. ಅಮೂರ್ ಕಾರಿಗೆ ಹಾರಿದ, ಅವನ ಹಿಂದೆ ಇವಳೂ ಹಾರಿದಳು. ಹಿಂತಿರುಗಿ ನೋಡಲಿಲ್ಲ. ನಿನಗೆ ನೋವಾಗುತ್ತದೆ, ಆದರೂ ಹೇಳುತ್ತಿದ್ದೇನೆ, ಏಕೆಂದರೆ ನೀನು ಅವಳಿಗೆ ಕೊಟ್ಟದ್ದು ಅದನ್ನೇ. ನಿನ್ನೆ ಹೆರ್ಮೀನಾಳ ಕಾರ್ಡು ಬಂತು: ಒಂದೇ ಒಂದು ಸಲ ವಾಂತಿ, ಚೆನ್ನಾಗಿ ತಿನ್ನುತ್ತಾಳೆ, ಸಂಜೆ ಇಬ್ಬರೂ ಸೇರಿ ಊಳಿಟ್ಟರೆ ಸಸಿತೋಟದ ಕೆಲಸದವರು ಟೋಪಿ ತೆಗೆಯುತ್ತಾರಂತೆ.

ಈಗ ನನ್ನ ಒಂದು ಸುಳ್ಳು. ನಿನ್ನ ಕಂದು ಅಂಗಿಯನ್ನು ಒಲೆಗೆ ಹಾಕಲಿಲ್ಲ. ಒಲೆಯ ಮುಂದೆ ಕೂತೆ, ಕೈ ಬರಲಿಲ್ಲ. ಸೌತೆಕಾಯಿ ಉಪ್ಪಿನಕಾಯಿ ಹಾಕುವ ಐದು ಲೀಟರಿನ ಗಾಜಿನ ಜಾಡಿಗೆ ತುರುಕಿ, ರಬ್ಬರ್ ಬಳೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ನೆಲಮಾಳಿಗೆಯಲ್ಲಿ ಉಳಿದ ಜಾಡಿಗಳ ಹಿಂದೆ ಇಟ್ಟಿದ್ದೆ. ಬೌರ್ಕಾಗೆ ಅದು ಗೊತ್ತಾಗಲಿಲ್ಲ. ಅವಳು ಹೋದ ಮರುದಿನ ಹೋಗಿ ಮುಚ್ಚಳ ತೆಗೆದೆ. ಆಮೇಲೆ ಆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತೆ. ಗ್ರೇತಾ ಬಂದು ನನ್ನ ಮುಖ ನೋಡಿ, ನಾನು ನೋಡುತ್ತಿದ್ದ ಕಡೆಗೆ ತಾನೂ ತಿರುಗಿ ನೋಡಿದಳು. ಗೇಟಿನಲ್ಲಿ ಯಾರೂ ಇರಲಿಲ್ಲ.

ಇನ್ನು ನಾನು ಮರಿ ಹಾಕಿಸುವುದಿಲ್ಲ. ಮನೆಯಲ್ಲಿ ಗ್ರೇತಾ ಒಬ್ಬಳೇ ಉಳಿದಳು, ಅವಳಿಗೆ ನಿನ್ನ ವಾಸನೆ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಿನ್ನ ಕಾಗದದಿಂದ ಕೆಡುವ ನಾಯಿ ಇಲ್ಲಿ ಯಾವುದೂ ಇಲ್ಲ. ಆದ್ದರಿಂದ ನೀನೇ ಬರೆ, ನಿನ್ನ ಕೈಯಲ್ಲೇ ಬರೆ, ಮೂಲೆಯಲ್ಲಿ ಅಂಗೈ ಒತ್ತು.

ನಿಯಮ ನಿನಗೆ ಗೊತ್ತೇ ಇದೆ. ಈ ಸಲ ನಾನು ಬರುತ್ತೇನೆ. ಶನಿವಾರ ಸಂಜೆಯ ರೈಲು ಹತ್ತಿದರೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ. ಗ್ರೇತಾಳನ್ನು ಪೋಸ್ಟಿನವಳು ನೋಡಿಕೊಳ್ಳುತ್ತಾಳೆ. ಹದಿನೆಂಟನೇ ತಾರೀಕು ಮೊದಲನೆಯದು. ನೀನು ಮಾತಾಡದಿದ್ದರೂ ಸರಿ, ನಾನು ಬೆನ್ನು ತಿರುಗಿಸಿ ಕೂತು ಬ್ರೆಡ್ಡು ತಿನ್ನುತ್ತೇನೆ.

ಇಲ್ಲಿ ಮನೆಬಾಗಿಲ ಮೆಟ್ಟಿಲು ಎರಡಿವೆಯಲ್ಲ, ಅವನ್ನು ಒಡೆದು ಗಾಲಿ ಕುರ್ಚಿ ಹತ್ತುವಂತೆ ಇಳಿಜಾರು ಮಾಡಲು ಬೊಹುಸ್ಲಾವ್‌ಗೆ ಹೇಳಿದ್ದೇನೆ. ಏಳು ವಾರದೊಳಗೆ ಆಗುತ್ತದಂತೆ. ಏಳನೆಯ ಭಾನುವಾರ ನೀನು ಏನು ಹೇಳುತ್ತೀಯೋ ಗೊತ್ತಿಲ್ಲ. ಮಳೆ ಬರಬಹುದು ಎಂದು ಮಾತ್ರ ಹೇಳಬೇಡ.

ನಿನ್ನ
ದ್ರಾಹಾ